ಖಂಡ್ಯಾನ ಸುದ್ದಿ

ಟಿಳಕವಾಡಿ, ಬೆಳಗಾವಿ
೨೦ ಆಗಸ್ಟ್ ೨೦೦೨

ಕುಂದಾಬಾಯಿಯವರಿಗೆ ತ್ರಿವೇಣಿಯ ನಮಸ್ಕಾರ.

ಈ ಪತ್ರಾ ನಿಮ್ಮ ಯಜಮಾನರ ಮುಂದ ಓದಬ್ಯಾಡ್ರಿ. ದವಾಖಾನಿ ಹೊರಗ ಬಂದು ಓದ್ರಿ.

ರವಿವಾರ ಪುಣೆಯಿಂದ ಫೋನ್ ಮಾಡಿದಾಗ ನೀವು, "ನಮ್ಮ ಖಂಡ್ಯಾ ಉಂಡನೇನವಾ?" ಅಂತ ಕೇಳಿದ್ರಿ. ನಾನು "ಉಂಡಾನ್ರೀ" ಅಂದೆ. ಅದು ಸುಳ್ಳು. ನಿಮ್ಮ ನಾಯಿ ಶನಿವಾರ ಮುಂಜಾನೆನ ಸತ್ತಿತ್ತು. ಆಪರೇಶನ್ ಆದ ರಾಯರು ನಿಮ್ಮ ಬಾಜೂಕ "ಏನಂದ್ಲು?" ಅಂತ ಕೇಳಾಕತ್ತಿದ್ರು; ಖರೇ ಹೇಳಾಕ ನನಗ ಬಾಯಿ ಬರ್ಲಿಲ್ಲ.

ನೀವು ಹೋದಾಗಿಂದ ಅದು ಗೇಟ್ ಬಿಟ್ಟು ಏಳಲಿಲ್ಲ. ಆಟೋದಾಗ ಎರಡು ಸಲ ಡಾಕ್ಟರ ಕಡೆ ಒಯ್ದೆ. "ವಯಸ್ಸಾಗೇತಿ ತಂಗಿ" ಅಂದ್ರು. ಕರಿಬೇವಿನ ಗಿಡದ ಬುಡಕ್ಕ ಮಣ್ಣು ಮಾಡೀನಿ. ನಿಮ್ಮನ್ನ ಕೇಳದ ಮಾಡಿದ್ದಕ್ಕ ಕ್ಷಮಿಸ್ರಿ.

ಮನಿ ಮತ್ತ ನಾಯಿ ನೋಡ್ಕೊಳ್ಳಾಕ ನಂಬಿಗಸ್ತರು ಬೇಕು ಅನ್ನೂ ನಿಮ್ಮ ಜಾಹೀರಾತು ಇಂಟರ್ನೆಟ್ ಸೆಂಟರಿನ್ಯಾಗ ಓದಿ, ಖಾನಾಪುರದಿಂದ ಬಂದಾಕಿ ನಾನು. ಗಂಡನ ಮನಿ ಬಿಟ್ಟ ಮ್ಯಾಲ ನನ್ನ ಕೈಯಾಗ ಕೀಲಿಕೈ ಕೊಟ್ಟವರು ನೀವೊಬ್ಬರ. ಇನ್ನೊಂದು ಮನಿ ಸಿಗಲಿ ಅಂತ ನಿಮ್ಮಿಂದ ನನ್ನ ಬಗ್ಗೆ ಎರಡು ಸಾಲು ಬರಸ್ಕೋಬೇಕು ಅಂದಿದ್ದೆ. ಈಗ ಕೇಳೂದಿಲ್ಲ.

ಬರೂ ರವಿವಾರ ರಾಯರು ತಾವ ಫೋನ್ ತಗೊಂಡು ಖಂಡ್ಯಾನ ಬಗ್ಗೆ ಕೇಳಿದ್ರ ನಾ ಏನ್ ಹೇಳ್ಲಿ? ಅಷ್ಟು ಮೊದಲ ತಿಳಸ್ರಿ.

ನೀವು ಬರೂತನಾ ಇಲ್ಲೇ ಇರೂ,
ತ್ರಿವೇಣಿ