ಮಾಕಣಿಯಿಂದ ಬಂದ ಕರೆಗಳು

ಜುಲೈ 3

ಮತ್ತೆ ಕರೆಂಟ್ ಹೋಯಿತು. ಮನೆಯ ಇನ್ವರ್ಟರ್ ಮೇಲೇ ಆನ್‌ಲೈನ್ ಅಂಗಡಿಯ ಗ್ರಾಹಕ ಸೇವೆಗೆ ಲಾಗಿನ್ ಆದೆ. ಫ್ಯಾನ್ ಹಚ್ಚುವಂತಿಲ್ಲ, ಸದ್ದು ಮೈಕಿನೊಳಗೆ ಹೋಗುತ್ತದೆ, ಸ್ಕೋರ್ ಕಡಿಯುತ್ತಾರೆ. ಕುತ್ತಿಗೆ ತುಂಬ ಬೆವರು, ಬಾಯಲ್ಲಿ ಸಕ್ಕರೆ. "ನಮಸ್ಕಾರ, ನಾನು ಮೀನಲ, ನಿಮಗೆ ಹೇಗೆ ಸಹಾಯ ಮಾಡಲಿ?"

ಬಳ್ಳಾರಿಯವರಿಗೆ ಮಿಕ್ಸರ್ ಜಾರ್ ಒಡೆದು ಬಂದಿದೆ. ಮಂಡ್ಯದವರಿಗೆ ಎರಡೂ ಎಡಗಾಲಿನ ಚಪ್ಪಲಿ. ಎಲ್ಲರಿಗೂ ಒಂದೇ ಉತ್ತರ — ದೂರಿನ ಟಿಕೆಟ್ ಹಾಕಿದ್ದೇನೆ, ದಯವಿಟ್ಟು ಕಾಯಿರಿ. ಟಿಕೆಟ್ ಆಮೇಲೆ ಎಲ್ಲಿಗೆ ಹೋಗುತ್ತದೋ ನನಗೂ ಗೊತ್ತಿಲ್ಲ. ಗೊತ್ತಿದ್ದವರಂತೆ ಮಾತಾಡುವುದೇ ಕೆಲಸ.

ನನ್ನನ್ನು ಕನ್ನಡ ಶಾಲೆಗೆ ಹಾಕಿದ್ದಕ್ಕೆ ತವರೂರು ನಿಲಂಗಾದಲ್ಲಿ ಎಲ್ಲರೂ ಅಪ್ಪನನ್ನು ನೋಡಿ ನಕ್ಕಿದ್ದರು. ಮಹಾರಾಷ್ಟ್ರದಲ್ಲಿ ಕೂತು ಕನ್ನಡ ಕಲಿತು ಏನು ಮಾಡುತ್ತಾಳೆ ಅಂತ. ಇದನ್ನು ಮಾಡುತ್ತಿದ್ದೇನೆ.

ಮಧ್ಯಾಹ್ನ ಒಂದು ಕರೆ. ಎತ್ತಿದ ಕೂಡಲೆ —

"ಯವ್ವಾ, ಮಶಿನ್ ಮಾತಾಡ್ಲಿಕ್ಕತ್ತದೋ, ಮನುಷ್ಯಾರೋ?"

ನಮ್ಮ ಕಡೆಯ ಮಾತು. ನಗು ಬಂತು. "ಮನುಷ್ಯರೇ ಅಮ್ಮ, ಹೇಳಿ."

"ಹಂಗಾರ ಕೇಳು. ನಮ್ಮ ಮನಿಯವರಿಗಿ ಸೋಲಾಪುರದಾಗ ಆಪರೇಶನ್ ಆಗ್ಯದ. ಕರಳು ಹೊಟ್ಟಿ ಮ್ಯಾಲ ತಂದು ಇಟ್ಟಾರ. ಅಲ್ಲಿ ಪಿಶವಿ ಅಂಟಿಸಬೇಕು, ಚೀಲದಂಗಿರ್ತದ, ಹೊಲಸು ಅದರಾಗ ಬೀಳ್ತದ. ನೀವು ಕಳಿಸಿದ ಪಿಶವಿ ತೂತು ದೊಡ್ಡದು. ಸುತ್ತೆಲ್ಲಾ ಸೋರ್ತದ. ಸಣ್ಣ ತೂತಿಂದು ಕಳಸ್ರಿ."

ಸ್ಕ್ರೀನ್ ನೋಡಿದೆ. ಅನುಸೂಯಾಬಾಯಿ ಮಡಿವಾಳಯ್ಯ, ಮಾಕಣಿ, ತಾಲೂಕು ಲೋಹಾರಾ. ಮೈಗೆ ಹಚ್ಚುವ ಸಾಮಾನು, ವಾಪಸ್ ಇಲ್ಲ, ಬದಲಿ ಇಲ್ಲ. ಟಿಕೆಟ್ ಹಾಕಿದೆ.

ಮಾಕಣಿ ನಾನಿರುವ ಉಮರ್ಗಾದಿಂದ ಎಷ್ಟು ದೂರ... ಬಸ್ಸಿಗೆ ಒಂದು ತಾಸು. ಆಕೆಗೆ ನಾನು ಬೆಂಗಳೂರಿನಲ್ಲೋ ಮುಂಬೈಯಲ್ಲೋ. ಎಲ್ಲಿದ್ದೇವೆ ಅಂತ ನಾವು ಹೇಳುವಂತಿಲ್ಲ.

ಜುಲೈ 9

ಮಾಕಣಿಯವರು ಮತ್ತೆ. ಕನ್ನಡಕ್ಕೆ ಮಧ್ಯಾಹ್ನ ಇಬ್ಬರೇ ಇರುತ್ತೇವೆ, ನನಗೇ ಬಿತ್ತು.

"ನಿಮ್ಮ ಕಂಪನಿಯಿಂದ ಮೆಸೇಜ್ ಬಂದದ. ಓದಿಸಿದೆ. ನಿಮ್ಮ ತಕರಾರು ಪರಿಹಾರ ಆಗ್ಯದ ಅಂತ. ಏನ್ ಪರಿಹಾರ ಆಯ್ತವ್ವ? ಇಲ್ಲಿ ದಿನಾ ಧೋತ್ರ ಒಗಿಲಿಕ್ಕತ್ತೀನಿ."

ಟಿಕೆಟ್ ತೆಗೆದು ನೋಡಿದೆ. ಆಕೆ ಕಳಿಸಿದ್ದ ಫೋಟೋ ಪೆಟ್ಟಿಗೆಯದು. ಪೆಟ್ಟಿಗೆ ಮೇಲೆ ಸಣ್ಣ ಸೈಜೇ ಬರೆದಿದೆ. ಒಳಗಿದ್ದದ್ದು ದೊಡ್ಡದು. ಆದರೆ ಒಳಗೆ ನೋಡುವವರು ಯಾರು? ಟಿಕೆಟಿನ ಕೆಳಗೆ ಬರೆದಿದ್ದಾರೆ — "ಗ್ರಾಹಕರು ಕೇಳಿದ್ದೇ ತಲುಪಿದೆ. ಮುಕ್ತಾಯ."

ಪಿಶವಿಯನ್ನು ಹೊರಗೆ ತೆಗೆದು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ಹೊಡೆಸಿ ಅಂದೆ. ಎಲ್ಲಾ ನಿಧಾನ ಹೇಳಿದೆ. ಹೊತ್ತು ಹಿಡಿಯಿತು. ಕೆಂಪು ಬತ್ತಿ ಮಿನುಗಲು ಶುರುವಾಯಿತು — ಕರೆ ಉದ್ದವಾಯಿತು ಅಂತ. ಮಿನುಗಲಿ.

"ಉಮರ್ಗಾದಲ್ಲಿ ಮೆಡಿಕಲ್‌ನಲ್ಲಿ ಸಿಗುವುದಿಲ್ಲವಾ ಅಮ್ಮ?" ಬಾಯಿ ತಪ್ಪಿ ಕೇಳಿಬಿಟ್ಟೆ.

"ಸಿಗಲ್ಲ. ಸೋಲಾಪುರದಿಂದ ತರಸ್ತೀವಿ ಅಂತಾರ, ಬರೋದಿಲ್ಲ. ನಾ ಇವರನ್ನ ಬಿಟ್ಟು ಸೋಲಾಪುರಕ್ಕ ಹ್ಯಾಂಗ ಹೋಗ್ಲಿ... ಅಲ್ಲಾ, ನಿನಗ ಉಮರ್ಗಾ ಹ್ಯಾಂಗ ಗೊತ್ತು?"

ಮ್ಯಾಪ್‌ನಲ್ಲಿ ಕಾಣುತ್ತದೆ ಅಂದೆ.

ಜುಲೈ 15

ಬದಲಿ ಮಂಜೂರು! ಕಣ್ಣು ನಂಬಲಿಲ್ಲ. ಈ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ನಾನು ಹಾಕಿದ ಟಿಕೆಟ್ ಎಲ್ಲೋ ಯಾರಿಗೋ ತಲುಪಿದೆ.

ಫೋನ್ ಮಾಡಿ ತಿಳಿಸುವ ಅನುಕೂಲ ಇಲ್ಲ, ನಂಬರ್ ನಮಗೆ ಕಾಣುವುದಿಲ್ಲ. ಆಕೆಗೆ ಮೆಸೇಜ್ ಹೋಗಿರುತ್ತದೆ.

ಸಂಜೆ ಇವರು ಟ್ರ್ಯಾಕ್ಟರ್ ಶೋರೂಮಿನಿಂದ ಬಂದಾಗ ಹೇಳಿದೆ. "ಒಂದು ಪಿಶವಿ ಕಳಿಸಿದ್ದಕ್ಕ ಇಷ್ಟು ಖುಷಿ?" ಅಂದರು. ನಕ್ಕರು. ನಾನೂ ನಕ್ಕೆ.

ಜುಲೈ 21

ಅದೇ ಬಂದಿದೆ. ಪೆಟ್ಟಿಗೆ ಮೇಲೆ ಸಣ್ಣದು, ಒಳಗೆ ದೊಡ್ಡದು. ಗೋದಾಮಿನಲ್ಲಿರುವ ಎಲ್ಲವೂ ಹಾಗೇ ಇರಬೇಕು.

ಅನುಸೂಯಾಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಬೈಗುಳಕ್ಕೆ ನಮ್ಮ ಹತ್ತಿರ ವಾಕ್ಯ ಇದೆ. "ಆಯ್ತವ್ವ" ಅಂದು ಇಟ್ಟುಬಿಟ್ಟರು.

ಜುಲೈ 23

ಇಂದು ಆಕೆ ಮತ್ತೆ ಮಾಡಿದ್ದರು. ಟಿಕೆಟ್ ಮಾತು ಬರಲೇ ಇಲ್ಲ.

"ಉಣವಲ್ರವ್ವ ಅವರು."

"ಯಾಕೆ ಅಮ್ಮ?"

"ಪೂಜಿ ಆಗದೆ ಊಟಾ ಇಲ್ಲ. ಲಿಂಗಾ ಕೈಯಾಗ ಹಿಡಿಬೇಕಂದ್ರ ಮೈ ಶುದ್ಧ ಇರಬೇಕು ಅಂತಾರ. ಜಳಕಾ ಮಾಡಿ ಬಂದು ಕೂಡ್ತಾರ, ಕೂತಲ್ಲೇ ಸೋರ್ತದ. ಮತ್ತ ಏಳ್ತಾರ, ಮತ್ತ ಜಳಕಾ. ಮೂರು ಸಲ ನಾಕು ಸಲ. ಆಮ್ಯಾಲ ಸಾಕಾಗಿ ಮಲಗಿಬಿಡ್ತಾರ. ನಾ ಹೇಳ್ದೆ — ಔಷಧ ಅಂತ ತಿಳ್ಕೊಂಡು ಎರಡು ತುತ್ತು ತಿನ್ರಿ. ತಿಂದ್ರ ಮತ್ತ ಹೊಲಸೇ ಅಲ್ಲಾ ಬರೋದು, ಅಂತಾರ."

ನನ್ನ ಹತ್ತಿರ ಸ್ಕ್ರಿಪ್ಟ್ ಇತ್ತು. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಅದು ತೆರೆದೇ ಇತ್ತು ಎದುರಿಗೆ. ಓದಲಿಲ್ಲ.

"ಶ್ರಾವಣ ಬಂತು. ಸುತ್ತ ಹಳ್ಳಿ ಮಂದಿ ಪೂಜಿಗಿ ಅಯ್ಯನೋರು ಯಾವಾಗ ಬರ್ತಾರ ಅಂತ ಕೇಳ್ತಾರ. ಏನು ಹೇಳಲಿ? ಊರಾಗ ಇಲ್ಲ ಅಂತ ಹೇಳೀನಿ."

ಜುಲೈ 24

ಬ್ರೇಕಿನಲ್ಲಿ ಟೀಮ್ ಲೀಡರ್ ಕನಕರಾಜ ಸರ್‌ಗೆ ಫೋನ್ ಮಾಡಿದೆ. ಬೀದರಿನವರು, ಹೈದರಾಬಾದಿನ ಆಫೀಸಿನಲ್ಲಿ ಕೂರುತ್ತಾರೆ. ಎಲ್ಲಾ ಹೇಳಿದೆ.

"ಮೀನಲ, ನಾ ಮೂರು ಸಲ ಮ್ಯಾಲಿನವರಿಗಿ ಮೇಲ್ ಹಾಕೀನ್ರಿ. ಸೆಲ್ಲರ್‌ಗೆ ಕೇಳೀವಿ ಅಂತಾರ. ಸೆಲ್ಲರ್ ಪೆಟ್ಟಿಗಿ ಫೋಟೋ ಕಳಸ್ತಾನ. ಅಲ್ಲಿಗೆ ಮುಗೀತು."

"ಆ ಮನುಷ್ಯ ಉಪವಾಸ ಸಾಯ್ತಾರ ಸರ್."

"ನಮ್ಮ ಕೈಯಾಗ ಇರೋದು ದನಿ ಒಂದೇ ನೋಡ್ರಿ. ಸಮಾಧಾನ ಹೇಳ್ರಿ."

ಜುಲೈ 26

ಇವರು ಬಿಡಿಭಾಗ ತರಲು ಸೋಲಾಪುರಕ್ಕೆ ಹೋಗಿದ್ದರು. ಚೀಟಿಯಲ್ಲಿ ಸೈಜು ಬರೆದು ಕೊಟ್ಟಿದ್ದೆ. ದವಾಖಾನೆಗಳ ಎದುರಿನ ಅಂಗಡಿಗಳೆಲ್ಲ ತಿರುಗಿ ತಂದಿದ್ದಾರೆ. ಪೆಟ್ಟಿಗೆ ಒಡೆದು ಅಳೆದೆ. ಸರಿ ಇದೆ.

"ಕಂಪನಿಗೆ ಗೊತ್ತಾದ್ರ?" ಅಂದರು.

"ಹೆಂಗ ಗೊತ್ತಾಗ್ತದ?"

"ಗಿರಾಕಿ ಮನಿಗಿ ಹೋಗಬ್ಯಾಡ್ರಿ ಅಂತ ಸಹಿ ಮಾಡಿಸ್ಕೊಂಡಾರ ಅಲ್ಲಾ ನಿನ್ನ ಕಡಿಂದ."

ಅಷ್ಟಂದು ಇವರು ಪೆಟ್ಟಿಗೆಯನ್ನು ತಾವೇ ಹಳೆ ಸೀರೆ ಚೀಲದಲ್ಲಿ ಹಾಕಿ ಗೂಟಕ್ಕೆ ತೂಗುಹಾಕಿದರು.

ಜುಲೈ 29, ಪಂಚಮಿ

ನನಗೆ ವಾರದ ರಜೆ. ಇವರು ಬೈಕಿನಲ್ಲಿ ಲೋಹಾರಾದವರೆಗೆ ಬಿಟ್ಟರು, ಮುಂದೆ ಶೇರ್ ಆಟೋ. ಎರಡೂ ಬದಿ ಸೋಯಾಬೀನ್ ಹಸಿರು. ಜೋಕಾಲಿ ಕಟ್ಟಿದ್ದರು ಅಲ್ಲಲ್ಲಿ.

ತೊಂಬತ್ತಮೂರರ ಭೂಕಂಪದ ನಂತರ ಕಟ್ಟಿಕೊಟ್ಟ ಸಾಲು ಮನೆಗಳು. ಅಯ್ಯನೋರ ಮನೆ ಅಂದರೆ ಯಾರಾದರೂ ತೋರಿಸುತ್ತಾರೆ. ಅಂಗಳದಲ್ಲಿ ಹಗ್ಗದ ತುಂಬ ಬಿಳಿ ಧೋತ್ರ. ಒಬ್ಬ ಹೆಣ್ಣುಮಗಳು ಇನ್ನೊಂದು ಹಿಂಡುತ್ತಿದ್ದರು.

"ಅನುಸೂಯಾಬಾಯಿ ಮನಿ ಇದೇ ಏನ್ರೀ?"

ಹಿಂಡುವುದನ್ನು ನಿಲ್ಲಿಸಿದರು. "ಇನ್ನೊಮ್ಮೆ ಮಾತಾಡು."

"ಅನುಸೂಯಾಬಾಯಿ —"

"ನೀ ಫೋನಿನಾಕಿ!" ಒದ್ದೆ ಕೈಯಲ್ಲೇ ನನ್ನ ಗದ್ದ ಹಿಡಿದರು. "ಸಣ್ಣಾಕಿ ಇದ್ದಿ. ನಾ ದೊಡ್ಡಾಕಿ ಅಂತ ತಿಳದಿದ್ದೆ."

ಮಡಿವಾಳಯ್ಯನವರು ಹೊರಕೋಣೆಯಲ್ಲಿ ಚಾಪೆ ಮೇಲಿದ್ದರು. ಎತ್ತರದ ಆಳು. ಎಲುಬಿನ ಮೇಲೆ ಚರ್ಮ ಹಾಸಿದಂತಿದ್ದರು. ಎದ್ದು ಕೂತು, "ಬಾ ತಂಗಿ. ಅಲ್ಲೇ ದೂರ ಕೂಡು," ಅಂದರು. ವಾಸನೆ ನನಗೆ ಬರಬಾರದು ಅಂತ.

ಪೆಟ್ಟಿಗೆ ಕೊಟ್ಟೆ. ಅನುಸೂಯಾಬಾಯಿ ಒಡೆದು ತೂತಿನಲ್ಲಿ ಬೆರಳಾಡಿಸಿ ನೋಡಿದರು. ನೀರು ಕಾಯಿಸಲು ಓಡಿದರು. ಜಳಕವಾಯಿತು. ಪಿಶವಿ ಅಂಟಿಸಿದರು. ಅಯ್ಯನವರು ಹಣೆಗೆ ವಿಭೂತಿ ಹಚ್ಚಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂತರು. ಲಿಂಗ ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡರು. ಮಂತ್ರ ಶುರುವಾಯಿತು — ಆ ಮೈಯಿಂದ ಅಷ್ಟು ದನಿ ಹೇಗೆ ಬಂತೋ. ಒಳಗೆ ಅನುಸೂಯಾಬಾಯಿ ಹಾಲನ್ನ ಕಲಸುವ ಸಪ್ಪಳ. ಬಾಗಿಲ ಸಂದಿಯಿಂದ ನನ್ನ ಕಡೆ ನೋಡಿ ನಕ್ಕರು.

ಮಂತ್ರ ನಡುವೆ ನಿಂತಿತು.

ಅಯ್ಯನವರು ಕೆಳಗೆ ನೋಡಿಕೊಂಡರು. ಲಿಂಗವನ್ನು ಮೆಲ್ಲಗೆ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡರು. ಧೋತ್ರದ ಅಂಚು ಒದ್ದೆಯಾಗಿತ್ತು.

"ಪಿಶವಿ ಬರೋಬರಿ ಅದ ತಂಗಿ," ಅಂದರು. "ಅಂಟಲಿಕ್ಕ ಚರ್ಮ ಉಳದಿಲ್ಲ."

ಇಷ್ಟು ದಿನ ಸೋರಿ ಸೋರಿ ಸುತ್ತಲೂ ಬೆಂದುಹೋಗಿದೆ. ಕೆಂಪಗೆ, ಹಸಿ ಮಾಂಸ. ಅದರ ಮೇಲೆ ಯಾವ ಸೈಜೂ ನಿಲ್ಲುವುದಿಲ್ಲ.

ಅನುಸೂಯಾಬಾಯಿ ತಾಟು ಹಿಡಿದು ಬಂದು ನಿಂತಿದ್ದರು. ಆಕೆಗೆ ಒಮ್ಮೆಲೆ ಸಿಟ್ಟು ಬಂತು. "ಲಿಂಗಾ ಕಟ್ಟಿದವರಿಗಿ ಮೈಲಿಗಿ ಇಲ್ಲ ಅಂತ ಸತ್ತ ಮನಿಗಿ, ಹಡದ ಮನಿಗಿ ಹೋಗಿ ಹೇಳ್ತಿದ್ರಿ! ಊರಿಗೆಲ್ಲಾ ಹೇಳಿದ ಮಾತು ತಮಗ ಯಾಕ ಇಲ್ರಿ?"

"ಹೇಳಲಿಕ್ಕ ಸಸಾರ ಇತ್ತು," ಅಂದರು ಅಯ್ಯನವರು.

ತಾಟು ಹಾಗೇ ಒಳಗೆ ಹೋಯಿತು.

ಹೊರಡುವಾಗ ಅನುಸೂಯಾಬಾಯಿ ಉಡಿಯಲ್ಲಿ ಜೋಳದ ಅಳ್ಳು, ಎರಡು ಉಂಡಿ ಹಾಕಿದರು. "ನಿನ್ನ ನಂಬರ್ ಕೊಡು" ಅಂದರು. ಕೊಡಬೇಕಿತ್ತು. ಸಹಿ ಮಾಡಿದ್ದು ನೆನಪಾಯಿತು. "ಅದೇ ನಂಬರಿಗೆ ಮಾಡ್ರಿ, ನಾನೇ ಎತ್ತತೀನಿ" ಅಂದೆ.

ಆಗಸ್ಟ್ 1

ಮಧ್ಯಾಹ್ನ ಮಾಡಿದರು. ಕನ್ನಡಕ್ಕಿರುವ ಇನ್ನೊಬ್ಬಳಿಗೆ ಹೋಗಬಹುದಿತ್ತು, ನನಗೇ ಬಂತು.

"ನೀ ಬಂದು ಹ್ವಾದಾಗಿಂದ ಮನಿಗಿ ಮನುಷ್ಯಾರು ಬಂದಂಗ ಆಗ್ಯದ ನೋಡವ್ವ —"

ಎಲ್ಲಾ ಕರೆ ರೆಕಾರ್ಡ್ ಆಗುತ್ತವೆ. "ಅಮ್ಮ, ನಿಮ್ಮ ಆರ್ಡರ್ ನಂಬರ್ ಹೇಳ್ತೀರಾ?"

"ಆರ್ಡರ್ ಅಲ್ಲವ್ವ. ಆ ಉಮರ್ಗಾದಿಂದ ಪಿಶವಿ ಹೊತ್ತುಕೊಂಡು ಬಂದಿ. ಹೊಟ್ಟೀಲೆ ಹುಟ್ಟಿದವರು ಮಾಡಂಗಿಲ್ಲ —"

"ಅಮ್ಮ, ಆರ್ಡರ್ ನಂಬರ್..."

"ನಿನ್ನೆ ಒಂದು ಬಟ್ಟಲ ಗಂಜಿ ಕುಡದ್ರು. ನೀ ತಂದಿದ್ದಿ ಅಂತ ಪೂಜಿ ಆಗದಿದ್ರೂ ಕುಡದ್ರು. ಅದನ್ನ ಹೇಳಲಿಕ್ಕ ಫೋನ್ ಹಚ್ಚಿದೆ. ನಿನ್ನ ಹೆಸರು ಮೀನಲ ಅಲ್ಲಾ? ಐದು ಚುಕ್ಕಿ ಒತ್ತಂದ್ರು, ಒತ್ತತೀನಿ."

ಗಂಜಿ ಕುಡಿದರು. ಮೈಕ್ ಮ್ಯೂಟ್ ಮಾಡಿ ಅತ್ತೆ. ಖುಷಿಗೋ ಹೆದರಿಕೆಗೋ.

ಆಗಸ್ಟ್ 5

ಬೆಳಿಗ್ಗೆ ಲಾಗಿನ್ ಆಗಲಿಲ್ಲ. ನೆಟ್ ಇರಬೇಕು ಅಂದುಕೊಂಡೆ.

ಕನಕರಾಜ ಸರ್ ಸ್ವಂತ ಫೋನಿನಿಂದ ಮಾಡಿದರು. "ಐದು ಸ್ಟಾರ್ ಬಂದ ಕಾಲ್ ಅಂತ ಟ್ರೇನಿಂಗಿಗಿ ತೆಗದಾರ್ರಿ. ಎಲ್ಲರ ಮುಂದ ಹಚ್ಚ್ಯಾರ, ಗಿರಾಕಿ ಹ್ಯಾಂಗ ಖುಷಿ ಆಗ್ಯಾರ ಕೇಳ್ರಿ ಅಂತ. ಅದರಾಗ ನೀವು ಅವರ ಮನಿಗಿ ಹೋಗಿದ್ದು ಬಂದದ."

"ಹ್ಞೂಂ."

"ನಾ ಭಾಳ ಹೇಳ್ದೆ, ಮೀನಲ. ಅಡ್ರೆಸ್ ನೋಡಿ ಮನಿಗಿ ಹೋಗಿದ್ದು ಡೇಟಾ ಕಳವು ಅಂತಾರ."

ಮೇಲ್ ಬಂದಿದೆ. ಇಂದಿನಿಂದ ಕೆಲಸ ಇಲ್ಲ. ಆ ಗ್ರಾಹಕರನ್ನು ಮತ್ತೆ ಸಂಪರ್ಕಿಸಿದರೆ ಪೊಲೀಸ್ ದೂರು. ಹೆಡ್‌ಸೆಟ್, ಲ್ಯಾಪ್‌ಟಾಪ್ ಕೊರಿಯರ್ ಮಾಡಬೇಕು.

ಇವರು ಓದಿದರು. ಬೈಯಲಿಲ್ಲ. "ಸ್ವಲ್ಪ ದಿನ ಆ ಕಡೆ ಹೋಗಬ್ಯಾಡ," ಅಂದರು ಅಷ್ಟೆ.

ಆಗಸ್ಟ್ 12

ಚರ್ಮದ ಡಾಕ್ಟರನ್ನು ಕೇಳಿದೆ. ಬೆಂದ ಜಾಗಕ್ಕೆ ಉದುರಿಸುವ ಪುಡಿ ಇದೆಯಂತೆ, ಮೊದಲು ಅದು, ಮೇಲೆ ಪಿಶವಿ, ಆಗ ಅಂಟುತ್ತದೆ. ಮೊದಲೇ ಯಾರೂ ಯಾಕೆ ಹೇಳಲಿಲ್ಲ. ಪುಡಿ ತಂದಿಟ್ಟೆ.

ಹೋಗಬೇಕು. ಹೋಗಲಿಲ್ಲ. ಬಾಗಿಲಲ್ಲಿ ಬೈಕ್ ನಿಂತರೂ ಪೊಲೀಸರೇ ಅನ್ನಿಸುತ್ತದೆ. ಇಷ್ಟು ಅಂಜುಬುರುಕಿ ನಾನು ಅಂತ ಗೊತ್ತಿರಲಿಲ್ಲ.

ಆಗಸ್ಟ್ 19

ಇವರಿಗೆ ಹೇಳದೆ ಹೋದೆ. ಮಾಕಣಿಯಲ್ಲಿ ಆಟೋ ಇಳಿದು ನಡೆದೆ, ಪುಡಿಯ ಡಬ್ಬಿ ಕೈಯಲ್ಲಿ.

ಅಂಗಳದ ಹಗ್ಗ ಖಾಲಿ ಇತ್ತು. ಒಂದು ಕ್ಷಣ ಸಂತೋಷವಾಯಿತು. ಸೋರುವುದು ನಿಂತಿದೆ ಅಂತ. ನನ್ನ ಬುದ್ಧಿ.

ಅನುಸೂಯಾಬಾಯಿ ಕಟ್ಟೆ ಮೇಲೆ ಕೂತಿದ್ದರು. ಕೊರಳು ಬರಿದು. ನನ್ನನ್ನು ನೋಡಿ ಜಾಗ ಬಿಟ್ಟು ಸರಿದರು. ಕೂತೆ.

"ಶ್ರಾವಣದ ಮೂರನೇ ಸೋಮವಾರ," ಅಂದರು. "ಲಿಂಗದಾಗ ಬೆರತ್ರು. ಕೂಡಿಸೇ ಮಣ್ಣು ಕೊಟ್ರು."

ಡಬ್ಬಿಯನ್ನು ಸೆರಗಿನೊಳಗೆ ಮರೆಮಾಡಿದೆ.

"ಕಡಿಗೆ ಕಡಿಗೆ ಚರ್ಮ ಭಾಳ ಉರಿತಿತ್ತು. ಏನು ಹಚ್ಚಬೇಕು ಅಂತ ನಿನಗ ಕೇಳಬೇಕಂತ ಫೋನ್ ಹಚ್ಚಿದೆ. ದಿನಾ ಹಚ್ಚಿದೆ. ಯಾವಾಕಿನೋ ಬ್ಯಾರೇದಾಕಿ ಎತ್ತತಿದ್ಲು. ಮೀನಲಗ ಕೊಡ್ರಿ ಅಂದ್ರ ಆ ಹೆಸರಿನವರು ಇಲ್ಲ ಅಂತಾಳ. ಇಲ್ಲ ಅಂದ್ರ? ನಾ ನೋಡೀನಿ, ನಮ್ಮ ಮನಿಗಿ ಬಂದಾಳ ಅಂದೆ. ಫೋನ್ ಇಟ್ಟಳು."

ಒಂದು ಟ್ರ್ಯಾಕ್ಟರ್ ಹೋಯಿತು.

"ಕೆಲಸ ಬಿಟ್ಟಿ ಏನವ್ವ?"

"ಹ್ಞೂಂ ಅಮ್ಮ. ಬಿಟ್ಟೆ."

"ಅಯ್ಯ, ಯಾಕ? ಅಷ್ಟು ಚಂದ ಮಾತಾಡ್ತಿದ್ದಿ. ನಾ ನಿನ್ನ ಬಗ್ಗೆ ಎಷ್ಟು ಛಲೋ ಹೇಳಿದ್ದೆ ಅವರಿಗಿ, ಐದು ಚುಕ್ಕಿ ಒತ್ತಿ... ಪಗಾರ ಹೆಚ್ಚು ಮಾಡ್ಲಿಲ್ಲೇನು? ಯಾಕ ಬಿಟ್ಟಿ?"

ಮುಖವನ್ನೇ ನೋಡುತ್ತಿದ್ದರು. ನಾನು, "ದನಿ ಕೂತುಬಿಡ್ತಮ್ಮ, ಅದಕ್ಕ ಬಿಟ್ಟೆ," ಅಂದೆ.