ಕವಲಿನಲ್ಲಿ ಎಡಕ್ಕೆ

ಆ ಜಾಗ,
ಜುಲೈ ೧೯, ಶನಿವಾರ

ಪ್ರೀತಿಯ ಲವೀನಾ ಅತ್ತೆಗೆ,

ನಿಮ್ಮ ಅಳಿಯ ವೆಂಡೆಲ್‌ನ ನಮಸ್ಕಾರಗಳು. ಮೇಲೆ ಊರಿನ ಹೆಸರು ಹಾಕದೆ 'ಆ ಜಾಗ' ಎಂದಷ್ಟೇ ಬರೆದಿದ್ದೇನೆ, ನೋಡಿದಿರಾ? ಗೋಡೆಗೂ ಕಿವಿ ಇರುತ್ತದೆ ಎಂದ ಮೇಲೆ ಅಂಚೆಯವನಿಗೆ ಕಣ್ಣಿರುವುದಿಲ್ಲವೇ? ನಿಮ್ಮ ಕೈಯಲ್ಲಿ ಪಳಗಿದವನು ನಾನು. ಇರಲಿ, ಮೊದಲು ನಿಮ್ಮ ಆರೋಗ್ಯದ ವಿಷಯ ತಿಳಿಸಿ. ಉಸಿರಾಟ ಹೇಗಿದೆ? ಆಮ್ಲಜನಕದ ನಳಿಕೆಯನ್ನು ಮೂಗಿಗೆ ಸರಿಯಾಗಿ ಹಾಕಿಕೊಳ್ಳುತ್ತಿದ್ದೀರಾ, ಅಥವಾ ನಿಮ್ಮ ತಂಗಿ ಆಲ್ತಿಯಾ ಅತ್ತ ತಿರುಗಿದ ಕೂಡಲೇ ಕಿತ್ತು ದಿಂಬಿನ ಕೆಳಗೆ ತುರುಕುತ್ತಿದ್ದೀರಾ? ಸ್ಯಾನ್ ಡಿಯೇಗೊದ ಸಮುದ್ರದ ಗಾಳಿ ನಿಮಗೆ ಒಗ್ಗಿತೋ ಇಲ್ಲವೋ. 'ಇನ್ನು ಮೇಲೆ ಬೆಟ್ಟದ ಮಾತು ಎತ್ತಬೇಡಿ' ಎಂದ ಡಾಕ್ಟರಿಗೆ ನೀವು 'ನಿಮ್ಮಮ್ಮ ನಿಮ್ಗೆ ಹಾಲು ಬಿಡಿಸೋಕೆ ಮುಂಚೆಯಿಂದ ಹತ್ತಿದೀನಿ ಹೋಗಪ್ಪಾ' ಎಂದಿರಂತೆ. ಆಲ್ತಿಯಾ ಹೇಳಿದರು. ಡಾಕ್ಟರ ಜೊತೆ ಜಗಳ ಬೇಡ ಅತ್ತೆ, ನಿಮ್ಮ ಉಸಿರು ಅವರ ಕೈಯಲ್ಲಿದೆ.

ನಾವಿಬ್ಬರೂ ಕ್ಷೇಮ. ಐಸ್ ಪೆಟ್ಟಿಗೆಯ ಮುಚ್ಚಳವನ್ನೇ ಮೇಜು ಮಾಡಿಕೊಂಡು ಬರೆಯುತ್ತಿದ್ದೇನೆ. ನಿಮ್ಮ ಮೊಮ್ಮಗಳು ಡೆಸ್ಸಿ ಒಂದು ಮುದಿ ಪೈನ್ ಮರವನ್ನು ತಬ್ಬಿ, ತೊಗಟೆಯ ಬಿರುಕಿಗೆ ಮೂಗು ತುರುಕಿ ನಿಂತಿದ್ದಾಳೆ. ಬಿಸಿಲು ಬಿದ್ದ ಮರ ಬೆಳಗಿನಿಂದ ವೆನಿಲ್ಲಾ ವಾಸನೆ ಬಿಡುತ್ತಿದೆ, ಇವಳ ಮೂಗಿನ ತುದಿಗೆಲ್ಲ ಅಂಟು. ಕೆಳಗೆ ನಮ್ಮೂರು ಫೀನಿಕ್ಸ್ ಕಾದ ಕಾವಲಿ. ಜನರ ಮನೆ ಚಾವಣಿ ಹತ್ತಿ ತಂಪು ಯಂತ್ರ ರಿಪೇರಿ ಮಾಡುವ ನನ್ನಂಥವನಿಗೆ ಜುಲೈ ಎಂದರೆ ಏನೆಂದು ನಿಮಗೆ ಗೊತ್ತು. ಊರಿಗೆಲ್ಲ ತಂಪು ಹಂಚಿ ನಾನು ಮಾತ್ರ ಬೇಯುತ್ತಿರುತ್ತೇನೆ. ಇಲ್ಲಿ ಬೆಳಿಗ್ಗೆ ಎದ್ದಾಗ ಬಾಯಿಂದ ಹಬೆ ಬರುತ್ತಿತ್ತು. ಅದಕ್ಕೇ ನಿಮಗೆ ಕೋಟಿ ವಂದನೆ. ನಿಮ್ಮನ್ನು ಕೇಳಬೇಕಾದ ಒಂದು ಮಾತೂ ಇದೆ, ಫೋನಿನಲ್ಲಿ ಬಾಯಿ ಬರಲಿಲ್ಲ. ಕಾರ್ಲೀನ್ ತೀರಿಹೋದ ಮೇಲೂ ನೀವು ನನ್ನನ್ನು ಅಳಿಯ ಎಂದೇ ಇಟ್ಟುಕೊಂಡಿದ್ದೀರೋ ಇಲ್ಲವೋ ಎಂದು ಮೊದಲು ತಿಳಿಯಬೇಕಿತ್ತು. ಮಗಳೇ ಇಲ್ಲದ ಮೇಲೆ ಅಳಿಯ ಯಾವ ಲೆಕ್ಕದ ನೆಂಟ ಹೇಳಿ? ಅದು ಈ ಪ್ರಯಾಣದಲ್ಲಿ ಹೇಗೆ ತಿಳಿಯಿತು ಎನ್ನುವುದೇ ಈ ಕಾಗದದ ಸುದ್ದಿ.

ನಿಮ್ಮ ಮನೆಗೆ ನಾನು ಬಂದ ಹೊಸದರಲ್ಲಿ ಎಲ್ಲರಿಗೂ ಹುಚ್ಚೇ ಎಂದುಕೊಂಡಿದ್ದೆ. ಸರಕಾರಿ ಕಾಡು, ಯಾರು ಬೇಕಾದರೂ ಬಂದು ಎಲ್ಲಿ ಬೇಕಾದರೂ ಗುಡಾರ ಹೂಡಬಹುದು. ಬಾಡಿಗೆ ಇಲ್ಲ, ಹಾಗೆಯೇ ನಲ್ಲಿಯೂ ಇಲ್ಲ, ಕಕ್ಕಸೂ ಇಲ್ಲ. ಇಂಥದ್ದಕ್ಕೆ ಇಷ್ಟೊಂದು ಗುಟ್ಟು ಏಕೆ? ಕಾರ್ಲೀನ್‌ಳನ್ನು ಕೇಳಿದರೆ, 'ಓರ್ವಲ್ ಚಿಕ್ಕಪ್ಪನ ಕ್ಷೌರದ ಕಥೆ ಕೇಳಿಲ್ವಾ?' ಎಂದಳು. ಓರ್ವಲ್ ಕ್ಷೌರದಂಗಡಿಯಲ್ಲಿ ಕೂತು ಹರಟುತ್ತ ನಿಮ್ಮ ಹಳೆಯ ಜಾಗದ ದಾರಿಯನ್ನು ಬಾಯಿಬಿಟ್ಟನಂತೆ. ಮುಂದಿನ ಬೇಸಿಗೆಗೆ ಹೋಗಿ ನೋಡಿದರೆ ಅಲ್ಲಿ ಸಾಲು ಸಾಲು ಗಾಡಿ, ವಿದ್ಯುತ್ ಯಂತ್ರದ ಗುಡುಗುಡು, ನೀವು ಕೂರುತ್ತಿದ್ದ ಬಂಡೆಯ ಮೇಲೆ ಯಾರದೋ ಒದ್ದೆ ಚಡ್ಡಿ. ಹೈರಮ್ ಮಾವ ಗಾಡಿ ತಿರುಗಿಸಿ ಈ ಹೊಸ ಜಾಗ ಹುಡುಕಿದರಂತೆ. ಪಾಪ ಓರ್ವಲ್‌ಗೆ ಸಾಯುವ ತನಕ ಇದರ ದಾರಿ ಹೇಳಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಅವನ ಪಾಲಿಗೆ ಅಕ್ಷರಶಃ ನಿಜವಾಯಿತು.

ಅಂದಿನಿಂದ ಬಂದದ್ದು ನಿಮ್ಮ ಮನೆಯ ಕಟ್ಟಳೆ. ಮದುವೆಯಾಗುವ ತನಕ ಹೊರಗಿನವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಬರಬೇಕು. ಡಾಂಬರು ರಸ್ತೆ ಮುಗಿದ ಕೂಡಲೇ ನೀವು ನಿಮ್ಮ ಹೂವಿನ ಸ್ಕಾರ್ಫ್ ಬಿಚ್ಚಿ, 'ತಲೆ ಇತ್ತ ಕೊಡಪ್ಪ ಫೀನಿಕ್ಸು' ಎಂದು ಬಿಗಿದದ್ದು ನೆನಪಿದೆಯೇ? ಒಳಗೆಲ್ಲ ನಿಮ್ಮ ಪೌಡರಿನ ಘಮ, ಹೊರಗೆ ತಿರುವಿನ ಮೇಲೆ ತಿರುವು. ಕೊನೆಗೆ ಮಾವನವರ ಬೂಟಿನ ಮೇಲೇ ವಾಂತಿ ಮಾಡಿಕೊಂಡೆ. ಅವರು ಬೂಟು ಒರೆಸಿಕೊಳ್ಳುತ್ತ, 'ಹುಡುಗ ದಾರಿ ನೋಡ್ಲಿಲ್ಲ ಅನ್ನೋದು ಗ್ಯಾರಂಟಿ ಆಯ್ತು' ಎಂದರು. ಮದುವೆಯ ನಂತರ ಕಣ್ಣಿನ ಬಟ್ಟೆ ಹೋಯಿತು, ಆದರೆ ದಾರಿ ತಿಳಿಯಲಿಲ್ಲ. ಮುಂದೆ ನಿಮ್ಮ ಗಾಡಿ, ಹಿಂದೆ ನಮ್ಮದು, ನಡುವೆ ಕೆಂಪು ಧೂಳು. ಆ ಧೂಳನ್ನು ನೋಡಿಕೊಂಡು ಕಾರ್ಲೀನ್ ಗಾಡಿ ಓಡಿಸುತ್ತಿದ್ದಳು, ಪಕ್ಕದಲ್ಲಿ ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದೆ. ದಿಕ್ಕಿನ ವಿಷಯದಲ್ಲಿ ನಾನು ಎಂಥ ಜಾಣನೆಂದು ನಿಮಗೆ ಹೇಳಬೇಕಿಲ್ಲ.

ಮಾವನವರೂ ಕಾರ್ಲೀನ್‌ಳೂ ಹೋದ ಮೇಲೆ ಇತ್ತ ಯಾರೂ ಬರಲಿಲ್ಲ. ಈ ಬೇಸಿಗೆಯಲ್ಲಿ ನೀವಾಗಿಯೇ ಫೋನು ಮಾಡಿ, 'ನನ್ನ ಕೈಲಂತೂ ಇನ್ನು ಆಗಲ್ಲ, ಮಗೂನ ಕರ್ಕೊಂಡು ನೀನು ಹೋಗು. ದಾರಿ ಹೇಳ್ತೀನಿ, ತಲೇಲಿ ಇಟ್ಕೊ, ಬರ್ಕೋಬೇಡ' ಎಂದಿರಿ. ಫೋನು ಇಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ ಅತ್ತೆ. ಮಾವನವರ ಸ್ವಂತ ತಮ್ಮ ಓರ್ವಲ್‌ಗೆ ಸಿಗದ್ದು ನನಗೆ ಸಿಕ್ಕಿತ್ತು. ಡೆಸ್ಸಿಯ ಶಾಲೆಯ ಬಸ್ಸು ಓಡಿಸುವ ಮಾರಿಸೋಲ್ ಇದ್ದಾಳಲ್ಲ, ಡೆಸ್ಸಿ ನಿಮ್ಮ ಹತ್ತಿರ ಆಗಾಗ ಹೇಳುತ್ತಿರುತ್ತಾಳೆ, ಅವಳು ಎಲ್ಲಿಗೆ ಹೊರಟಿರಿ ಎಂದು ಕೇಳಿದಳು. 'ಮೇಲೆ' ಎಂದೆ. 'ಮೇಲೆ ಅಂದ್ರೆ ಸ್ವರ್ಗಕ್ಕಾ? ಅಡ್ರೆಸ್ ಹೇಳದೆ ಹೋಗೋರನ್ನ ನಮ್ಮಮ್ಮ ಕಳ್ಳರು ಅಂತಾಳೆ' ಎಂದು ಛೇಡಿಸಿದಳು. ಆದರೂ ನಾನು ಬಾಯಿ ಬಿಡಲಿಲ್ಲ.

ಈಗ ನಿನ್ನೆಯ ಪ್ರಯಾಣದ ಕಥೆ. ಪೇಸನ್ ಊರು ದಾಟಿದ ಮೇಲೆ ಹೆಸರುಗಳು ಬೇಡ. ಡಾಂಬರು ಮುಗಿಯಿತು, ದನ ದಾಟದಂತೆ ಹಾಸಿದ ಕಬ್ಬಿಣದ ಸರಳುಗಳ ಮೇಲೆ ಗಾಡಿ ಗಡಗಡ ಎಂದಿತು, ನೀವು ಹೇಳಿದ ಸಿಡಿಲು ಬಡಿದ ಮರ ಸಿಕ್ಕಿತು. ಮರ ಕಂಡೊಡನೆ ಡೆಸ್ಸಿ ಚಪ್ಪಾಳೆ ಹೊಡೆದಳು. ಆಮೇಲೆ ಕವಲು. 'ಕವಲಲ್ಲಿ ಎಡಕ್ಕೆ' ಎಂದಿದ್ದಿರಿ, ಎಡಕ್ಕೆ ಹೋದೆ. ದಾರಿ ಇಳಿಯಿತು, ಇನ್ನೂ ಇಳಿಯಿತು, ಕೊನೆಗೆ ದನ ನೀರು ಕುಡಿಯುವ ಒಂದು ಕೊಳಕು ಕೆರೆಯ ದಡದಲ್ಲಿ ನಿಂತುಹೋಯಿತು. ಹಿಂದಿನ ದಿನದ ಮಳೆಗೆ ದಡವೆಲ್ಲ ರಾಡಿ. ಗಾಡಿ ತಿರುಗಿಸಲು ಹೋಗಿ ಹಿಂದಿನ ಗಾಲಿಗಳನ್ನು ಅಚ್ಚಿನ ತನಕ ಹೂತುಬಿಟ್ಟೆ. ಹಸುಗಳೆಲ್ಲ ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿದ್ದವು.

ಆಗ ಡೆಸ್ಸಿ ಒಂದು ಮಾತು ಕೇಳಿದಳು. 'ಅಪ್ಪಾ, ಅಜ್ಜಿ ನಮ್ಗೆ ಸುಳ್ಳು ಹೇಳಿದಾರಾ? ಸುಳ್ಳು ದಾರಿ ಹೇಳೋದು ಹೊರಗಿನೋರಿಗೆ ಅಲ್ವಾ?' ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಅಂಗಡಿಯಲ್ಲಿ, ಚರ್ಚಿನಲ್ಲಿ, ಆಸ್ಪತ್ರೆಯಲ್ಲಿ, ಯಾರೇ ಕೇಳಲಿ, ನೀವು ಮುಖದ ಒಂದು ಗೆರೆಯೂ ಅಲುಗದಂತೆ ಸುಳ್ಳು ದಾರಿ ಹೇಳಿ ಕಳಿಸುವುದನ್ನು ನಾನೇ ಕಂಡಿದ್ದೇನೆ. 'ಅಜ್ಜಿಗೆ ಮರೆವು ಕಣೇ' ಎಂದೆ, ಆದರೆ ನಿಮಗೆ ಮರೆವಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತು. ಮನಸ್ಸು ಎಲ್ಲೆಲ್ಲಿಗೋ ಹೋಯಿತು. ಮಾರಿಸೋಲ್‌ಳ ವಿಷಯ ನಿಮ್ಮ ಕಿವಿಗೆ ಬಿದ್ದಿರಬೇಕು, ಇನ್ನು ಇವನು ನಮ್ಮವನಲ್ಲ ಎಂದು ಮನಸ್ಸಿನಲ್ಲೇ ನನ್ನ ಕಣ್ಣಿಗೆ ಮತ್ತೆ ಬಟ್ಟೆ ಕಟ್ಟಿದ್ದೀರಿ ಎಂದುಕೊಂಡೆ. ನಿಮ್ಮ ಮೇಲೆ ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ. ಮನೆಗೆ ಹೋಗೋಣ ಎಂದರೆ ಗಾಡಿ ಕೆಸರಿನಲ್ಲಿದೆ. ಒಂದು ಬಾರಿಯಾದರೂ ನಿಮ್ಮನ್ನೇ ಕೇಳಿಬಿಡಬೇಕು ಎಂದು ಡೆಸ್ಸಿಯ ಕೈ ಹಿಡಿದು, ಫೋನಿಗೆ ಸಿಗ್ನಲ್ ಸಿಗುವ ತನಕ ಗುಡ್ಡ ಹತ್ತಿದೆ.

ಮುಂದಿನದು ನಿಮಗೆ ಗೊತ್ತು, ಆದರೂ ಬರೆಯುತ್ತೇನೆ, ಬರೆಯುವುದೇ ಒಂದು ಸುಖ. ಕೆರೆ ದಡದಲ್ಲಿದ್ದೇನೆ ಎಂದರೆ 'ಕೆರೆಗ್ಯಾಕೆ ಹೋದ್ಯೋ ದಡ್ಡಾ, ಎಡಕ್ಕೆ ತಿರುಗು ಅಂತ ಯಾವನು ಹೇಳ್ದ?' ಎಂದು ನೀವೇ ನನ್ನನ್ನು ಗದರಿಸಿದಿರಿ. 'ನೀವೇ ಹೇಳಿದ್ದು' ಎಂದೆ. ಆ ಕಡೆ ಸದ್ದಿಲ್ಲ. ಉಸಿರು ನಿಂತಿತೋ ಏನೋ ಎಂದು 'ಅತ್ತೆ, ಅತ್ತೆ' ಎಂದು ಕೂಗಿದೆ. ಆಮೇಲೆ ಶುರುವಾಯಿತಲ್ಲ ನಿಮ್ಮ ನಗು! 'ಅಯ್ಯೋ ನನ್ನ ನಾಲಿಗೆಗೆ ಬೆಂಕಿ ಹಾಕ! ಕೇಳಿದೋರಿಗೆಲ್ಲ ಎಡಕ್ಕೆ, ಎಡಕ್ಕೆ ಅಂದೂ ಅಂದೂ ಬಾಯಿಗೆ ಬಲ ಅನ್ನೋದೇ ಬರ್ದಂಗಾಗಿದೆ ಕಣೋ! ನಿಜ ಹೇಳ್ಬೇಕು ಅಂತ ಕೂತ್ರೂ ಸುಳ್ಳೇ ಬಂತಲ್ಲೋ!' ಎಂದಿರಿ. ಹಿಂದೆ ಆಲ್ತಿಯಾ 'ನಳಿಕೆ, ನಳಿಕೆ' ಎಂದು ಕೂಗುತ್ತಿದ್ದರು. ನಗು ಒಂದಿಷ್ಟು ತಗ್ಗಿದ ಮೇಲೆ ಮೆಲ್ಲಗೆ ಹೇಳಿದಿರಿ: 'ಎಡಕ್ಕೆ ಹೋಗೋದು ಊರೋರು. ನಮ್ಮೋರು ಯಾವತ್ತೂ ಬಲಕ್ಕೇ ಹೋಗೋದು. ಬಲಕ್ಕೆ ಹೋಗಪ್ಪ ನೀನು.' ಫೋನಿನಲ್ಲಿ ನಾನು ಸುಮ್ಮನಾದದ್ದು ಸಿಗ್ನಲ್ ಹೋಗಿ ಎಂದುಕೊಂಡಿರಲ್ಲವೇ? ಸಿಗ್ನಲ್ ಚೆನ್ನಾಗಿಯೇ ಇತ್ತು. ನಮ್ಮೋರು ಎಂದಿರಲ್ಲ, ಫೋನನ್ನು ಎದೆಗೆ ಒತ್ತಿಕೊಂಡು ಅದನ್ನು ಡೆಸ್ಸಿಗೆ ಹೇಳುತ್ತಿದ್ದೆ.

ಗುಡ್ಡ ಇಳಿದು ಬರುವಷ್ಟರಲ್ಲಿ ಒಬ್ಬ ದನಗಾಹಿ ಕುದುರೆ ಸಾಗಿಸುವ ದೊಡ್ಡ ಗಾಡಿ ತಂದು ನಿಲ್ಲಿಸಿಕೊಂಡು, ನಮ್ಮ ಗಾಲಿಗಳನ್ನು ನೋಡಿ ತಲೆ ಕೆರೆದುಕೊಳ್ಳುತ್ತಿದ್ದ. ಪುಣ್ಯಾತ್ಮ, ಸರಪಳಿ ಹಾಕಿ ಎಳೆದುಕೊಟ್ಟ. ಕೈ ಒರೆಸಿಕೊಳ್ಳುತ್ತ, 'ಗುಡಾರ ಎಲ್ಲಿ ಹಾಕ್ತೀರಿ?' ಎಂದು ಕೇಳಿದ. ಅತ್ತೆ, ಅವನ ಸಹಾಯದ ಬಿಸಿ ಇನ್ನೂ ಆರಿರಲಿಲ್ಲ, ನನ್ನ ಬಾಯಿ ತಾನಾಗಿಯೇ 'ಅಲ್ಲೇ, ಹೆದ್ದಾರಿ ಆಚೆ, ಎಡಗಡೆ' ಎಂದುಬಿಟ್ಟಿತು. ಅವನು ನನ್ನ ಮುಖ ನೋಡಿದ, ಮೀಸೆಯಲ್ಲೇ ನಕ್ಕ. 'ಹೌದಾ? ನಮ್ಮನೆಯೋರೂ ಎಲ್ರಿಗೂ ಅದನ್ನೇ ಹೇಳ್ತಾರೆ' ಎಂದು ಟೋಪಿ ಮುಟ್ಟಿ ಹೊರಟ. ಡೆಸ್ಸಿ ಅವನ ಗಾಡಿ ಮರೆಯಾಗುವ ತನಕ ತಡೆದುಕೊಂಡು, 'ಅಜ್ಜಿ ಥರಾನೇ ಹೇಳ್ದೆ ಅಪ್ಪಾ!' ಎಂದು ನನ್ನ ಬೆನ್ನು ತಟ್ಟಿದಳು. ಇಂಥ ಬಿರುದು ನನಗೆ ಹಿಂದೆ ಸಿಕ್ಕಿಲ್ಲ.

ಬಲಕ್ಕೆ ತಿರುಗಿದೆವು, ಬಂದು ಸೇರಿದೆವು. ಜಾಗ ಹಾಗೆಯೇ ಇದೆ, ನೀವು ಹೆದರಿದಂತೆ ಯಾರೂ ಬಂದಿಲ್ಲ. ಮಾವನವರು ಜೋಡಿಸಿದ ಬೆಂಕಿಯ ಕಲ್ಲುಗಳ ಮೇಲೆ ಪೈನ್ ಸೂಜಿಗಳ ದಪ್ಪ ಹಾಸು ಬಿದ್ದಿತ್ತು, ಗುಡಿಸಿದೆವು. ಮಧ್ಯಾಹ್ನ ಆಲಿಕಲ್ಲು ಮಳೆ ಸುರಿದಾಗ ಗುಡಾರದೊಳಗೆ ಇಬ್ಬರೂ ಕಿವಿ ಮುಚ್ಚಿಕೊಂಡು ಕೂತೆವು. ಆಮೇಲೆ ಬೀಡು ಕಬ್ಬಿಣದ ಪಾತ್ರೆಯಲ್ಲಿ, ಮುಚ್ಚಳದ ಮೇಲೆ ಕೆಂಡ ಹರವಿ, ನಿಮ್ಮ ಪೀಚ್ ಹಣ್ಣಿನ ಸಿಹಿ ಮಾಡಿದೆ. ತಳ ಹತ್ತಿತು. ಡೆಸ್ಸಿ ಕೆರೆದು ಕೆರೆದು ತಿಂದು, 'ಅಮ್ಮನೂ ಹಿಂಗೇ ಸೀಯಿಸ್ತಿದ್ಲಾ?' ಎಂದಳು. ಇದಕ್ಕಿಂತ ಹೆಚ್ಚು ಸೀಯಿಸುತ್ತಿದ್ದಳು ಎಂದೆ. ಇಬ್ಬರೂ ನಕ್ಕೆವು. ಅವಳ ಅಮ್ಮನ ಹೆಸರೆತ್ತಿದರೆ ಅಳು ಬರದೆ ನಗು ಬಂದದ್ದು ಇದೇ ಮೊದಲು. ಮನೆಯಲ್ಲಿ ನಮ್ಮಿಂದ ಆಗದೇ ಇದ್ದದ್ದು ಇಲ್ಲಿ ತಾನಾಗಿಯೇ ಆಯಿತು. ಬೆಂಕಿ ಆರಿಸುವಾಗ ನೀರು ಹಾಕಿ, ಕೆದಕಿ, ಬೂದಿಗೆ ಬರಿಗೈ ಇಟ್ಟು ತಣ್ಣಗಾಗಿದೆ ಎಂದು ಖಾತ್ರಿ ಮಾಡಿಕೊಂಡೇ ಎದ್ದೆ, ಚಿಂತೆ ಬೇಡ. ಈ ಜಾಗ ಕೊಟ್ಟದ್ದಕ್ಕೆ, ನಿಮ್ಮ ಮಗಳನ್ನು ಕೊಟ್ಟದ್ದಕ್ಕೆ, ಅವಳು ಹೋದ ಮೇಲೂ ನನ್ನನ್ನು ಬಿಟ್ಟುಕೊಡದೇ ಇದ್ದದ್ದಕ್ಕೆ ನಾನು ಋಣಿ. ಇದನ್ನೆಲ್ಲ ಎದುರು ನಿಂತು ಹೇಳಿದ್ದರೆ 'ಸಾಕು ಸುಮ್ನಿರೋ' ಎನ್ನುತ್ತಿದ್ದಿರಿ, ಅದಕ್ಕೇ ಬರೆದೆ.

ಆಲ್ತಿಯಾ ಅವರಿಗೆ ನನ್ನ ವಂದನೆ, ನಿಮ್ಮ ಮೇಲೆ ಒಂದು ಕಣ್ಣಿಟ್ಟಿರಲು ಹೇಳಿ. ಡೆಸ್ಸಿ ಅಂಟು ಮೂಗಿನಿಂದಲೇ ಕಾಗದಕ್ಕೆ ಮುತ್ತು ಕೊಟ್ಟಿದ್ದಾಳೆ, ಕೆಳಗಿನ ಕಲೆ ಅದರದ್ದೇ. ದೇವರು ನಿಮ್ಮ ಉಸಿರನ್ನು ಹಗುರ ಮಾಡಲಿ.

ಎಂದೆಂದಿಗೂ ನಿಮ್ಮ ಅಳಿಯ,
ವೆಂಡೆಲ್

ಮರೆತಿದ್ದೆ (ಮರೆತಿರಲಿಲ್ಲ, ಧೈರ್ಯ ಇರಲಿಲ್ಲ. ಮೋಡ ಕಟ್ಟುತ್ತಿದೆ, ಬೇಗ ಬರೆದುಬಿಡುತ್ತೇನೆ): ಮಾರಿಸೋಲ್‌ಳನ್ನು ಮದುವೆಯಾಗಬೇಕೆಂದಿದ್ದೇನೆ. ಒಳ್ಳೆಯ ಹೆಂಗಸು, ಬಾಯಿ ಸ್ವಲ್ಪ ಜೋರು. ಡೆಸ್ಸಿಯನ್ನು ಕೇಳಿದರೆ 'ಅಜ್ಜಿ ಹೂಂ ಅಂದ್ರೆ ನಂದೂ ಹೂಂ' ಎಂದಳು. ಮುಂದಿನ ಜುಲೈನಲ್ಲಿ, ಮದುವೆಗೆ ಮೊದಲೇ, ಮಾರಿಸೋಲ್‌ಳನ್ನು ಇಲ್ಲಿಗೆ ಕರೆತರುವ ಆಸೆ. ಹೊರಡುವ ಮುಂಚೆ ನಿಮ್ಮ ಮನೆಯ ಕಟ್ಟಳೆಯನ್ನಷ್ಟೇ ಹೇಳಿದೆ, ದಾರಿ ಹೇಳಲಿಲ್ಲ. ಎಲ್ಲ ಕೇಳಿಕೊಂಡು ಹೀಗೆಂದಳು: 'ನಿಮ್ಮತ್ತೆ ಒಪ್ಪಿದ್ರೆ ಕಣ್ಣು ಬಿಟ್ಕೊಂಡು ಬರ್ತೀನಿ. ಒಪ್ಪದಿದ್ರೆ ಅವರ ಸ್ಕಾರ್ಫನ್ನೇ ಕಳಿಸ್ಲಿ, ಕಟ್ಕೊಂಡು ಬರ್ತೀನಿ. ಬರೋದಂತೂ ಬರ್ತೀನಿ.' ಅವಳಿಗೆ ಏನು ಹೇಳಲಿ ಅತ್ತೆ?