ಕೆಂಪಾಜಮ್ಮ ಕರೆಯಲಿಲ್ಲ

ತಿ. ನರಸೀಪುರ
5 ಡಿಸೆಂಬರ್ 1999

ಮಗಳು ಕೋಮಲಳಿಗೆ,

ಅಮ್ಮನ ಪ್ರೀತಿ. ಅಮೃತೇಶನಿಗೂ ತಿಳಿಸು. ನಿನ್ನ ಮದುವೆಯಾಗಿ ಮೂರು ವರ್ಷದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ. ಇಲ್ಲಿಂದ ನಂಜನಗೂಡಿಗೆ ಒಂದು ಬಸ್ಸಿನ ದಾರಿ. ಆದರೂ ಇಷ್ಟು ದಿನ ಬೇಕಾಯಿತು. ಕ್ಷಮಿಸು.

ಇಲ್ಲಿ ಎಲ್ಲ ಹಾಗೇ ಇದೆ. ಚರ್ಚಿಗೆ ಸುಣ್ಣ ಹೊಡೆಸಿದರು. ಸ್ತ್ರೀಸಮಾಜದ ಕಾರ್ಯದರ್ಶಿ ಈಗಲೂ ನಾನೇ. ಕ್ರಿಸ್‌ಮಸ್ಸಿನ ಸಾಮಾನು ತರುವವಳೂ ನಾನೇ, "ಜ್ಞಾನಮಣಿ ಟೀಚರ್ ಹೋದ್ರೆ ಅರ್ಧಕ್ಕರ್ಧ ಉಳಿತಾಯ" ಅಂತ ಹೆಸರು ಬೇರೆ. ಆ ಹೆಸರಿನ ಮೇಲೆ ನನಗೆಷ್ಟು ಜಂಬ ಅಂತ ನಿನಗೆ ಗೊತ್ತಲ್ಲ! ವಸ್ತುವಿಗೆ ಮೊದಲು ಒಂದು ಕುಂದು ಹೇಳಬೇಕು, ಬೇಡ ಅಂತ ಎದ್ದು ನಡೆಯಬೇಕು, ಹತ್ತು ಹೆಜ್ಜೆಯೊಳಗೆ ಅಂಗಡಿಯವನು ಕರೆದೇ ಕರೆಯುತ್ತಾನೆ. ಸಂತೆಯಲ್ಲಿ ನಿನ್ನ ಕೈಹಿಡಿದು ಕಲಿಸಿದ್ದೂ ಅದನ್ನೇ.

ನಿಮ್ಮಪ್ಪ ಇದ್ದಾಗ ಅವರದು ಬೇರೆಯೇ ರೀತಿ. "ನನ್ನ ಹತ್ರ ಇಷ್ಟಿದೆ, ಆಗುತ್ತಾ?" ಅಂತ ಕೇಳೋರು. ಆಗಲ್ಲ ಅಂದರೆ ನಕ್ಕು ಬರೋರು. "ನಿಮಗೆ ಯಾರು ಬೇಕಾದ್ರೂ ಟೋಪಿ ಹಾಕ್ತಾರೆ" ಅಂತ ಆ ಮನುಷ್ಯನನ್ನು ಎಷ್ಟು ಆಡಿಕೊಂಡೆನೋ, ಪಾಪ.

ಹೋದ ತಿಂಗಳು ಬಸ್‌ಸ್ಟ್ಯಾಂಡಿನ ಹತ್ತಿರ ಕೆಂಪಾಜಮ್ಮ ಕೂತಿದ್ದಳು. ನಂಜನಗೂಡಿನ ಕಡೆಯಿಂದ ರಸಬಾಳೆ ಬುಟ್ಟಿ ತರುತ್ತಾಳಲ್ಲ, ಅವಳೇ. ಗಿಡಗಳಿಗೆ ರೋಗ ಬಿದ್ದು ಈಗ ಆ ಹಣ್ಣೇ ಅಪರೂಪ. ಡಜನ್ ಮೂವತ್ತು ಅಂದಳು. ಘಮ ಮೂಗಿಗೆ ಬಡಿಯುತ್ತಿತ್ತು, ಅಸಲಿ ಅಂತ ನನಗೆ ಗೊತ್ತಿತ್ತು. ಆದರೂ ನಾಲ್ಕು ಜನ ಗಿರಾಕಿಗಳ ಎದುರಿಗೆ, "ಇದು ನಂಜನಗೂಡು ರಸಬಾಳೆನೇ ಅಲ್ಲ ಕಣಮ್ಮ, ಎಲ್ಲಿಂದಲೋ ತಂದು ಯಾಮಾರಿಸ್ತಿದ್ದೀಯ" ಅಂದುಬಿಟ್ಟೆ.

"ಅಕ್ಕೋ, ಬೆಲೆ ಕಮ್ಮಿ ಮಾಡು ಅನ್ನಿ, ಮಾಡ್ತೀನಿ. ನಾ ತಂದಿರೋದ್ನ ಸುಳ್ಳು ಅನ್ಬ್ಯಾಡಿ" ಅಂದಳು.

ನಾನು ಎದ್ದು ನಡೆದೆ. ಹತ್ತು ಹೆಜ್ಜೆ ಆಯಿತು, ಇಪ್ಪತ್ತಾಯಿತು, ಕರೆಯಲಿಲ್ಲ. ತಿರುಗಿ ನೋಡಿದರೆ ಆ ನಾಲ್ಕು ಜನವೂ ಬುಟ್ಟಿ ಬಿಟ್ಟು ಹೋಗಿದ್ದರು.

ಭಾನುವಾರ ಚರ್ಚಿನಲ್ಲಿ ಸಭಾಪಾಲಕರು ನಾಲಿಗೆಯಿಂದಾಗುವ ಪಾಪದ ಬಗ್ಗೆ ಮಾತಾಡಿದರು. ನಾನು ಊರಿನ ಚಾಡಿಕೋರರನ್ನೆಲ್ಲ ನೆನೆದುಕೊಂಡು ಚೆನ್ನಾಗಿ ತಲೆಯಾಡಿಸುತ್ತಿದ್ದೆ. ಆಮೇಲೆ ಆ ಬುಟ್ಟಿ ನೆನಪಾಯಿತು ನೋಡು, ಪ್ರಭುಭೋಜನದ ರೊಟ್ಟಿ ತೆಗೆದುಕೊಳ್ಳದೆ ಮನೆಗೆ ಬಂದುಬಿಟ್ಟೆ.

ಎರಡು ವಾರ ಅವಳು ಊರ ಕಡೆ ಬರಲಿಲ್ಲ. ಮೊನ್ನೆ ಕಂಡೊಡನೆ ಓಡಿದೆ. ಅಲ್ಲಿದ್ದವರೆಲ್ಲ ಕೇಳುವಂತೆ, "ಈ ಹಣ್ಣು ಅಸಲಿ. ಅವತ್ತು ಸುಳ್ಳು ಹೇಳಿದ್ದು ನಾನೇ" ಅಂದೆ.

ಕೆಂಪಾಜಮ್ಮ ತಲೆ ಎತ್ತಲಿಲ್ಲ. "ಅವತ್ತು ಕೇಳ್ದೋರು ಇವತ್ತು ಇಲ್ವಲ್ಲಕ್ಕ" ಅಂದಳು.

"ಅವತ್ತು ಯಾಕೆ ನನ್ನ ಕರೀಲಿಲ್ಲ?" ಅಂತ ಕೇಳಿದೆ.

"ಬೆಲೆಗೆ ಜಗಳ ಆಡಿದ್ರೆ ಕರೀತಿದ್ದೆ ಕಣಕ್ಕ. ನಂದೇ ಸುಳ್ಳು ಅಂದೋರ್ನ ಯಾವ ಬಾಯಲ್ಲಿ ಕರೀಲಿ?"

ನಿಮ್ಮಪ್ಪನ ಹಾಗೆ, "ಇಪ್ಪತ್ತೈದಿದೆ, ಡಜನ್ ಆಗುತ್ತಾ?" ಅಂದೆ. "ಆಗಾಕಿಲ್ಲ" ಅಂದಳು. ಇದ್ದ ದುಡ್ಡಿಗೆ ಹತ್ತು ಹಣ್ಣು ತಂದೆ. ಮನೆಗೆ ಬಂದು ಒಂದನ್ನೂ ತಿನ್ನಲಾಗಲಿಲ್ಲ.

ದೇವರು ನಿಮ್ಮಿಬ್ಬರ ಬಾಗಿಲು ಕಾಯಲಿ. ಹೊಟ್ಟೆ ತುಂಬ ಉಣ್ಣಿ, ಚೆನ್ನಾಗಿ ಬಾಳಿ.

ನಿನ್ನ ಅಮ್ಮ,
ಜ್ಞಾನಮಣಿ

ತಾ.ಕ.: ಮದುವೆಗೆ ಮುಂಚೆ ನಂಜನಗೂಡಿನ ನಿನ್ನ ರೂಮಿನಲ್ಲಿ, ಅಮೃತೇಶನ ಎದುರಿಗೇ, "ಇವನಲ್ಲಿ ಏನಿದೆ ಅಂತ?" ಅಂದೆ. ಇಂಥ ಮಗಳು ನನಗೆ ಬೇಡ ಅಂದು ಎದ್ದು ನಡೆದೆ. ಎರಡೂ ಸುಳ್ಳು ಕಣೇ. ಹುಡುಗ ನನಗೆ ಮೊದಲ ದಿನವೇ ಇಷ್ಟವಾಗಿದ್ದ. ಚರ್ಚಿನಲ್ಲಿ ಮದುವೆಯಾಗಲು ನೀವಿಬ್ಬರೂ ಒಪ್ಪಲಿ ಅಂತ ನಾನು ಮಾಡಿದ ಚೌಕಾಸಿ ಅದು. ಹಿಂದಿನಿಂದ ಕರೆಯುತ್ತೀಯ ಅಂತ ಬೇಕಂತಲೇ ನಿಧಾನವಾಗಿ ನಡೆದೆ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ ಬಿಟ್ಟೆ. ಮೂರನೆಯದು ಕೊನೆಯ ಬಸ್ಸು, ಹತ್ತಿದೆ. ನೀನು ಯಾಕೆ ಕರೆಯಲಿಲ್ಲ ಅಂತ ಮೂರು ವರ್ಷ ನಿನ್ನನ್ನೇ ಬೈದುಕೊಂಡೆ. ಮೊನ್ನೆ ಕೆಂಪಾಜಮ್ಮ ಹೇಳಿದಳು.

ಕ್ರಿಸ್‌ಮಸ್ಸಿಗೆ ನಿಮ್ಮ ಮನೆಗೆ ಬಂದು ಹೋಗಬೇಕು ಅಂತ ಆಸೆ. ಆಗುತ್ತಾ? ಆಗಲ್ಲ ಅಂದರೆ ಅದನ್ನೇ ಬರೆ, ನಿನ್ನ ಅಕ್ಷರ ನೋಡುತ್ತೇನೆ.